ಇಕ್ಬಾಲ್ ಕಂಡ ಜಿನೀವಾ, ಕಾಣದ ಜಿನೀವಾ

2023ರ ಅಕ್ಟೋಬರಿನಲ್ಲಿ ಗಾಜಾದ ಯುದ್ಧ ಶುರುವಾದ ಮೇಲೆ ಭದ್ರತಾ ಮಂಡಳಿಗೆ ಬಂದ ಕದನವಿರಾಮದ ನಿರ್ಣಯಗಳಿಗೆ ಅಮೆರಿಕ ಮತ್ತೆ ಮತ್ತೆ ವಿಟೊ ಹಾಕಿದ್ದನ್ನು ಲೋಕವೆಲ್ಲ ನೋಡಿತು. ‘ಈ ವಿಶ್ವಸಂಸ್ಥೆ ಇದ್ದರೆಷ್ಟು, ಬಿಟ್ಟರೆಷ್ಟು’ ಎಂಬ ಮಾತು ತಂಬ್ರಹಳ್ಳಿಯಂಥ ಊರಿನ ಚಹಾದಂಗಡಿಯಲ್ಲೂ ಕೇಳಿಬರುತ್ತದೆ. ಉರ್ದು ಓದಿದವರು ಪಕ್ಕದಲ್ಲಿದ್ದರೆ ಇಕ್ಬಾಲರ ಹೆಸರೂ ಬರುತ್ತದೆ. ಏಕೆಂದರೆ ವಿಶ್ವಸಂಸ್ಥೆಯ ಹಿರಿಯಣ್ಣನಂತಿದ್ದ ಲೀಗ್ ಆಫ್ ನೇಷನ್ಸನ್ನು, ನಮ್ಮ ಪಠ್ಯಪುಸ್ತಕಗಳ ರಾಷ್ಟ್ರಸಂಘವನ್ನು, ಅವರಷ್ಟು ಕಟುವಾಗಿ ಹಂಗಿಸಿದ ಕವಿ ನಮ್ಮ ನಾಡಿನಲ್ಲಿ ಇನ್ನೊಬ್ಬರಿಲ್ಲ. ಆ ಕಟುತ್ವ ಎಷ್ಟು ದೂರ ನಿಜ, ಎಲ್ಲಿಂದಾಚೆಗೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ವಿಚಾರಿಸುವುದು ಅಗತ್ಯ.

1923ರ ಪಾರಸಿ ಸಂಕಲನ ‘ಪಯಾಮೆ ಮಶ್ರಿಕ್’ನಲ್ಲಿ ಇಕ್ಬಾಲರು ರಾಷ್ಟ್ರಸಂಘವನ್ನು ಕಫನ್ ಕಳ್ಳರ ಕೂಟಕ್ಕೆ ಹೋಲಿಸುತ್ತಾರೆ. 1936ರ ‘ಜರ್ಬೆ ಕಲೀಮ್’ನಲ್ಲಿ ಅದೇ ಸಂಘ ಕೊನೆಯುಸಿರೆಳೆಯುತ್ತಿರುವ ಮುದುಕಿ, ಅದೂ ಯಜಮಾನನೊಬ್ಬ ಇಟ್ಟುಕೊಂಡವಳು. ಈ ಎರಡು ಪದ್ಯಗಳ ನಡುವಿನ ಹದಿಮೂರು ವರ್ಷಗಳಲ್ಲಿ ಸಂಘದ ಏಳು ಬೀಳಿನ ಕಥೆ ಬಹುಪಾಲು ಮುಗಿದುಹೋಗಿತ್ತು.

ಮೊದಲ ಪದ್ಯದ ಸಿಟ್ಟಿಗೆ ಕಾರಣಗಳಿದ್ದವು. ಸಂಘ 1920ರ ಜನವರಿ 10ರಂದು ಹುಟ್ಟಿತು. ಅದರ ಕನಸು ಕಂಡವರು ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್. ಆದರೆ ಅವರ ದೇಶದ ಸೆನೆಟ್ಟೇ ಒಪ್ಪದೆ ಅಮೆರಿಕ ಹೊರಗುಳಿಯಿತು. ಎಲ್ಲ ಜನಾಂಗಗಳೂ ಸಮಾನ ಎಂಬ ಮಾತನ್ನು ಒಡಂಬಡಿಕೆಯಲ್ಲಿ ಸೇರಿಸಿ ಎಂದು 1919ರಲ್ಲಿ ಜಪಾನ್ ಕೇಳಿತು. ಸಮಿತಿಯ 17 ಮತಗಳಲ್ಲಿ 11 ಅದರ ಪರ ಬಿದ್ದವು. ಅಧ್ಯಕ್ಷ ಪೀಠದಲ್ಲಿದ್ದ ವಿಲ್ಸನ್ ಒಮ್ಮತವಿಲ್ಲ ಎಂದು ಅದನ್ನು ತಳ್ಳಿಹಾಕಿದರು. ಭಾರತ ಸ್ಥಾಪಕ ಸದಸ್ಯ ದೇಶ, ಆದರೆ ಅದರ ಪ್ರತಿನಿಧಿಗಳನ್ನು ಆರಿಸುತ್ತಿದ್ದುದು ಬ್ರಿಟಿಷ್ ಸರ್ಕಾರ. ಗುಲಾಮನಿಗೆ ಪಂಚಾಯ್ತಿ ಕಟ್ಟೆಯಲ್ಲಿ ಜಾಗ ಕೊಟ್ಟು, ಮಾತನ್ನು ಮಾತ್ರ ಧಣಿ ಹೇಳಿಕೊಟ್ಟ ಹಾಗೆ.

ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು ಮ್ಯಾಂಡೇಟ್ ವ್ಯವಸ್ಥೆ. ಸೋತ ತುರ್ಕಿಯ ಅರಬ್ ನಾಡುಗಳನ್ನು ಬ್ರಿಟನ್ ಮತ್ತು ಫ್ರಾನ್ಸ್ ‘ಪಾಲನೆ’ಯ ಹೆಸರಲ್ಲಿ ಹಂಚಿಕೊಂಡವು, ಅದಕ್ಕೆ ಸಂಘ ಮೊಹರು ಒತ್ತಿತು. ಆ ಜನರ ಇಚ್ಛೆಯನ್ನು ಮುಖ್ಯವಾಗಿ ಗಮನಿಸಬೇಕೆಂದು ಒಡಂಬಡಿಕೆಯ 22ನೆಯ ವಿಧಿ ಹೇಳುತ್ತಿತ್ತು. ಆದರೂ 1922ರಲ್ಲಿ ಪ್ಯಾಲೆಸ್ಟೈನನ್ನು ಬ್ರಿಟನ್ನಿನ ಕೈಗೆ ಒಪ್ಪಿಸಿದಾಗ ಬಾಲ್ಫೋರ್ ಘೋಷಣೆ ಆ ಪತ್ರದೊಳಗೇ ಸೇರಿತು, ಅಲ್ಲಿಯ ಅರಬರ ಇಚ್ಛೆ ಸೇರಲಿಲ್ಲ. 1925ರಲ್ಲಿ ಫ್ರಾನ್ಸ್ ಡಮಾಸ್ಕಸ್ ನಗರದ ಮೇಲೆ ಗುಂಡಿನ ಮಳೆ ಸುರಿಸಿದಾಗ ಜಿನೀವಾದ ಮ್ಯಾಂಡೇಟ್ ಆಯೋಗ ಪ್ರಶ್ನೆ ಕೇಳಿತೇ ಹೊರತು ಮ್ಯಾಂಡೇಟನ್ನು ಕಿತ್ತುಕೊಳ್ಳಲಿಲ್ಲ.

ಇದು ಎಲ್ಲೋ ದೂರದ ಕಥೆಯಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಟ್ಟ ಕುದುರೆ ಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರಿನ ಲ್ಯಾನ್ಸರುಗಳೂ ಇದ್ದರು. ಕನ್ನಡ ನಾಡಿನ ಸವಾರರು ಬೆವರು, ರಕ್ತ ಹರಿಸಿ ಗೆದ್ದ ನೆಲವನ್ನು ಯಾರಿಗೆ ಕೊಡಬೇಕೆಂದು ಜಿನೀವಾ ತೀರ್ಮಾನಿಸಿತು. ಅದೇ ಕಾಲದ ಖಿಲಾಫತ್ ಚಳವಳಿಯ ಬೇಗೆ ಮಲಬಾರಿನಲ್ಲಿ ದಂಗೆಯಾಗಿ ಸಿಡಿಯಿತು. ಬಳ್ಳಾರಿ ಜೈಲಿಗೆಂದು ಗೂಡ್ಸ್ ಡಬ್ಬಿಯಲ್ಲಿ ತುಂಬಿ ಸಾಗಿಸುತ್ತಿದ್ದ ಕೈದಿಗಳಲ್ಲಿ 60ಕ್ಕೂ ಹೆಚ್ಚು ಮಂದಿ 1921ರ ನವೆಂಬರಿನಲ್ಲಿ ಉಸಿರುಕಟ್ಟಿ ಸತ್ತರು. ಬದುಕುಳಿದ ಎಷ್ಟೋ ಮಾಪಿಳ್ಳೆ ಕೈದಿಗಳು ನಮ್ಮ ಬಳ್ಳಾರಿಯ ಅಲ್ಲಿಪುರ ಜೈಲನ್ನು ಕಂಡರು. ಇವನ್ನೆಲ್ಲ ನೆನೆದು ಓದಿದರೆ ಕಫನ್ ಕಳ್ಳರ ಪದ್ಯ ಅತಿರೇಕ ಅನ್ನಿಸುವುದಿಲ್ಲ.

ಎರಡನೆಯ ಪದ್ಯದ ಮಾತು ಬೇರೆ. 1936ರ ಹೊತ್ತಿಗೆ ಸಂಘ ಸಾಯುತ್ತಿತ್ತು ನಿಜ. ಆದರೆ ಅದನ್ನು ಕೊಲ್ಲುತ್ತಿದ್ದವರು ಯಾರು? 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತು. ಸಂಘ ಲಿಟ್ಟನ್ ಆಯೋಗವನ್ನು ಕಳಿಸಿತು, ವರದಿ ಬಂತು, ಜಪಾನ್ 1933ರಲ್ಲಿ ಸಂಘದಿಂದಲೇ ಎದ್ದು ನಡೆಯಿತು. ಅದೇ ವರ್ಷ ಹಿಟ್ಲರನ ಜರ್ಮನಿಯೂ ಹೋಯಿತು. 1935ರ ಅಕ್ಟೋಬರಿನಲ್ಲಿ ಮುಸಲೋನಿಯ ಇಟಲಿ ಅಬಿಸೀನಿಯಾದ ಮೇಲೆ ಬಿದ್ದಾಗ ಸಂಘ ಆರ್ಥಿಕ ದಿಗ್ಬಂಧನ ಹಾಕಿತು, ಆದರೆ ತೈಲವನ್ನು ಪಟ್ಟಿಯಿಂದ ಬಿಟ್ಟಿತು. ಸುಯೆಜ್ ಕಾಲುವೆಯೂ ಇಟಲಿಯ ಹಡಗುಗಳಿಗೆ ತೆರೆದೇ ಇತ್ತು. 1936ರ ಜೂನ್ 30ರಂದು ಗಡೀಪಾರಾಗಿದ್ದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ನಿಂತು ನ್ಯಾಯ ಕೇಳಿದರು. ಕೆಲವೇ ದಿನಗಳಲ್ಲಿ ದಿಗ್ಬಂಧನವನ್ನೇ ತೆಗೆಯಲಾಯಿತು. ಸಂಘ ಸತ್ತದ್ದು ಅದರ ಕಾಯಿದೆ ಹೆಚ್ಚಾಗಿ ಅಲ್ಲ. ಇದ್ದ ಕಾಯಿದೆಯನ್ನು ನಡೆಸಬೇಕಾದವರೇ ಕೈಬಿಟ್ಟದ್ದರಿಂದ.

ಈ ಹಂತದಲ್ಲಿ ಇಕ್ಬಾಲರನ್ನು ಪ್ರಶ್ನಿಸಲೇಬೇಕಾಗುತ್ತದೆ. ಅವರು 1931ರಲ್ಲಿ ರೋಮಿನಲ್ಲಿ ಮುಸಲೋನಿಯನ್ನು ಭೇಟಿಯಾಗಿದ್ದರು. 1935ರ ಆರಂಭದ ‘ಬಾಲೆ ಜಿಬ್ರೀಲ್’ನಲ್ಲಿ ಆ ಮನುಷ್ಯನ ಉತ್ಸಾಹವನ್ನು ಮೆಚ್ಚಿದ ಪದ್ಯವಿದೆ. ಮಾರನೆಯ ವರ್ಷದ ಸಂಕಲನದಲ್ಲಿ ಅಬಿಸೀನಿಯಾಕ್ಕಾಗಿ ನೊಂದ ಪದ್ಯವೂ ಇದೆ. ಅದರ ಜೊತೆಗೇ ‘ನೀವೂ ಲೂಟಿಕೋರರೇ ಅಲ್ಲವೇ’ ಎಂದು ಯುರೋಪಿನವರಿಗೆ ಮುಸಲೋನಿಯ ಬಾಯಿಂದಲೇ ಹೇಳಿಸಿದ ಪದ್ಯವೂ ಇದೆ. ಆ ಪ್ರಶ್ನೆಯಲ್ಲಿ ಸತ್ಯವಿದೆ. ಆದರೆ ಹಳೆಯ ಕಳ್ಳನನ್ನು ತೋರಿಸಿ ಹೊಸ ಕಳ್ಳ ಪಾರಾಗುವ ದಾರಿಯೂ ಅದೇ. ನ್ಯಾಯಾಲಯವನ್ನು ಹಂಗಿಸಿದ ಕವಿಗೆ ನ್ಯಾಯಾಲಯದ ಬಾಗಿಲು ಒಡೆಯುವವನ ತೋಳ್ಬಲ ಆಕರ್ಷಕವಾಗಿ ಕಂಡಿತ್ತು. ಸಾಯುತ್ತಿರುವ ಸಂಸ್ಥೆಯನ್ನು ‘ಇಟ್ಟುಕೊಂಡವಳು’ ಎನ್ನುವ ರೂಪಕವನ್ನೂ ನಾನು ಒಪ್ಪಲಾರೆ. ಯಜಮಾನನ ತಪ್ಪಿಗೆ ಹೆಣ್ಣನ್ನು ಬೈಯುವುದು ನಮ್ಮ ಓಣಿಗಳ ಹಳೆಯ ಚಾಳಿ. ದೊಡ್ಡ ಕವಿಗೂ ಅದು ಬಿಟ್ಟುಹೋಗಲಿಲ್ಲ.

ಅವರ ಕಣ್ಣಿಗೆ ಬೀಳದ ಇನ್ನೊಂದು ಜಿನೀವಾ ಇತ್ತು. ದೇಶ ಕಳೆದುಕೊಂಡ ರಷ್ಯನ್ನರಿಗೆ, ಆರ್ಮೇನಿಯನ್ನರಿಗೆ ನಾನ್ಸೆನ್ ಪಾಸ್‌ಪೋರ್ಟ್ ಕೊಟ್ಟದ್ದು ಆ ಜಿನೀವಾ. ಗುಲಾಮಗಿರಿಯ ವಿರುದ್ಧ 1926ರ ಒಪ್ಪಂದ ಮಾಡಿಸಿದ್ದು ಅದು. 1937ರ ಆಗಸ್ಟಿನಲ್ಲಿ ಜಾವಾದ ಬಾಂಡುಂಗ್‌ನಲ್ಲಿ ಸಂಘ ಹಳ್ಳಿಗಳ ಆರೋಗ್ಯದ ಬಗ್ಗೆ ಸಮ್ಮೇಳನ ಕರೆದಾಗ ಭಾರತದ ನಿಯೋಗದ ಮುಂದಾಳು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್. ಅಲ್ಲಿ ಚರ್ಚೆಯಾದದ್ದು ಹಳ್ಳಿಯ ನೈರ್ಮಲ್ಯ, ಮಲೇರಿಯಾ, ಆಹಾರದ ವಿಷಯ. ಮರು ತಿಂಗಳು ಆಗಾ ಖಾನರು ಸಂಘದ ಮಹಾಸಭೆಯ ಅಧ್ಯಕ್ಷರಾದರು. ಕುರ್ಚಿಯ ಗೌರವಕ್ಕಿಂತ ಬಾಂಡುಂಗಿನ ಕೆಲಸ ಹೆಚ್ಚು ಬಾಳಿತು. ಸಂಘ 1946ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿದ ಮೇಲೂ ಅದರ ಆರೋಗ್ಯ ವಿಭಾಗದ ಕೆಲಸ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಮುಂದುವರಿಯಿತು.

ಇಕ್ಬಾಲರು ಪರ್ಯಾಯವೊಂದನ್ನೂ ಸೂಚಿಸಿದ್ದರು: ಟೆಹರಾನ್ ಪೂರ್ವದ ಜಿನೀವಾ ಆಗಬೇಕು. 1955ರಲ್ಲಿ ಅದೇ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ ದೇಶಗಳು ಕೂಡಿದಾಗ ಆ ಕನಸು ಸ್ವಲ್ಪ ಹತ್ತಿರ ಬಂತು. 1969ರಲ್ಲಿ ಮುಸ್ಲಿಮ್ ದೇಶಗಳ ಸಂಘಟನೆಯೂ ಹುಟ್ಟಿತು. ಆದರೆ 1980ರಲ್ಲಿ ಇರಾಕ್ ಇರಾನಿನ ಮೇಲೆ ಬಿದ್ದಾಗ ಎಂಟು ವರ್ಷ ಆ ಯುದ್ಧವನ್ನು ಅದು ನಿಲ್ಲಿಸಲಾಗಲಿಲ್ಲ. ಅವರ ಕನಸಿನ ಟೆಹರಾನಿನ ಮೇಲೇ ಕ್ಷಿಪಣಿಗಳು ಬಿದ್ದವು, ಹಾರಿಸಿದವರೂ ಮುಸ್ಲಿಮರು. ಊರು ಬದಲಿಸಿದರೆ ಸಾಲದು. ಬಲಶಾಲಿಯೂ ತಲೆಬಾಗುವ ಕಟ್ಟಳೆ ಇಲ್ಲದಿದ್ದರೆ ಜಿನೀವಾ ಆದರೇನು, ಟೆಹರಾನ್ ಆದರೇನು?

ಕಟ್ಟಳೆ ಎಂದರೇನೆಂದು ನಮ್ಮ ಹಗರಿಬೊಮ್ಮನಹಳ್ಳಿ ಸೀಮೆಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ತುಂಗಭದ್ರೆಯ ನೀರನ್ನು 1953ರಿಂದ ಒಂದು ಮಂಡಳಿ ರಾಜ್ಯಗಳ ನಡುವೆ ಅಳೆದು ಹಂಚುತ್ತಿದೆ. ಜಗಳ, ಗೊಣಗಾಟ ಇದ್ದದ್ದೇ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಮಂಡಳಿಯನ್ನು ಬೈಯದವರಿಲ್ಲ. ಆದರೆ ಮಂಡಳಿಯೇ ಬೇಡ, ಗೇಟೇ ಬೇಡ ಎಂದು ಯಾವ ರೈತನೂ ಹೇಳಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಉಳಿದ ನೀರು ಉಳಿಯಿತು.

ಇಕ್ಬಾಲರ ಪದ್ಯಗಳನ್ನು ಓದಬೇಕು, ಮರೆಯಬಾರದು. ಜಿನೀವಾದ ಮೊಹರಿನ ಹಿಂದೆ ಯಾರ ಕೈ ಇತ್ತೆಂದು ನಮಗೆ ತೋರಿಸಿದವರು ಅವರು. ಆದರೆ ತಿರಸ್ಕಾರವೇ ರಾಜಕೀಯವಾಗಿಬಿಟ್ಟರೆ ಅದರ ಲಾಭ ಬಡವರಿಗೆ ಸಿಗುವುದಿಲ್ಲ. 1936ರಲ್ಲಿ ಸಂಘ ಸೋತಾಗ ಇಟಲಿಗೆ ಏನೂ ನಷ್ಟವಾಗಲಿಲ್ಲ, ಅಬಿಸೀನಿಯಾ ತನ್ನ ನೆಲವನ್ನೇ ಕಳೆದುಕೊಂಡಿತು. ಬಲವಿದ್ದವನಿಗೆ ನ್ಯಾಯದ ಕಟ್ಟೆ ಬೇಕಾಗಿಲ್ಲ. ಅದು ಬೇಕಾದದ್ದು ಗಾಜಾದವರಿಗೆ.