ಅತ್ತೆಯವರ ಅವಳಿ

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಮ್ಮತ್ತೆಗೆ ಒಬ್ಬಳು ಅವಳಿ ತಂಗಿ ಹುಟ್ಟಿದಳು. ನಗಬೇಡಿ, ಆಸ್ಪತ್ರೆಯವರೇ ಹಾಗೆ ಹೇಳಿ ಕಳಿಸಿದ್ದು. ಹೃದಯ ದುರ್ಬಲವಾಗಿದೆ ಎಂದು ಹತ್ತು ದಿನ ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದು ಸಾಗರಕ್ಕೆ ಮರಳುವಾಗ ಔಷಧಿಯ ಚೀಲದ ಜೊತೆಗೆ ಒಂದು ಪೆಟ್ಟಿಗೆಯೂ ಬಂತು. ಅದರಲ್ಲಿ ತೂಕದ ಯಂತ್ರ, ಬಿ.ಪಿ. ನೋಡುವ ಪಟ್ಟಿ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು. ಇವು ದಿನವೂ ಕಳಿಸುವ ಅಂಕಿಗಳಿಂದ ಕಂಪ್ಯೂಟರಿನಲ್ಲಿ ಅತ್ತೆಯವರ ‘ಡಿಜಿಟಲ್ ಟ್ವಿನ್’ ತಯಾರಾಗುತ್ತದಂತೆ. ಅದನ್ನು ಆಸ್ಪತ್ರೆಯವರು ನೋಡುತ್ತಾರೆ, ನಮ್ಮೂರ ಡಾಕ್ಟರು ನೋಡುತ್ತಾರೆ, ಡಾಲಸ್‌ನಲ್ಲಿರುವ ನನ್ನ ಮೈದುನನೂ ನೋಡುತ್ತಾನೆ. ಎಲ್ಲರೂ ಸೇರಿ ಆರೈಕೆ ಮಾಡುವ ಏರ್ಪಾಡು.

ವಿಷಯ ತಿಳಿದ ಅತ್ತೆ, “ಒಬ್ಬಳನ್ನು ನೋಡಿಕೊಳ್ಳೋದೇ ನಿನಗೆ ಸಾಕಾಗಿದೆ, ಇನ್ನೊಬ್ಬಳು ಯಾಕೆ ಬೇಕಿತ್ತು?” ಎಂದರು. ಆಗ ನಕ್ಕುಬಿಟ್ಟೆ. ಆ ಪ್ರಶ್ನೆ ಎಷ್ಟು ಸರಿಯಾದದ್ದು ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಈ ಅವಳಿಯ ಕಲ್ಪನೆ ಬಂದದ್ದು ಯಂತ್ರಗಳ ಲೋಕದಿಂದ. 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕು ಸಿಡಿದಾಗ, ನಾಸಾದವರು ಭೂಮಿಯ ಮೇಲಿದ್ದ ತರಬೇತಿಯ ಅಣಕು ನೌಕೆಗಳಲ್ಲಿ ಮೊದಲು ಮಾಡಿ ನೋಡಿ, ಆಮೇಲೆ ಮೇಲಿದ್ದವರಿಗೆ ದಾರಿ ಹೇಳಿದರು. ಈಗ ಆ ಅಣಕು ಕಂಪ್ಯೂಟರಿನೊಳಗೆ ಹೋಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಟಾಲಿಯಾ ಟ್ರಯನೋವಾ ಎಂಬಾಕೆ ಮತ್ತು ಅವರ ತಂಡದವರು ಸ್ಕ್ಯಾನ್ ಚಿತ್ರಗಳಿಂದ ರೋಗಿಯ ಹೃದಯವನ್ನೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಬಡಿತದ ಲಯ ತಪ್ಪಿಸುವ ಜಾಗ ಯಾವುದು, ಎಲ್ಲಿ ಸುಟ್ಟರೆ ಸರಿಹೋದೀತು ಎಂದು ಅದರಲ್ಲಿ ಮೊದಲೇ ಪರೀಕ್ಷಿಸುತ್ತಾರೆ. ಅಂಥ ವಿದ್ಯೆಗೆ ಕೈಮುಗಿಯಬೇಕು. ನಮ್ಮತ್ತೆಯ ಅವಳಿ ಅಷ್ಟು ಓದಿದವಳಲ್ಲ. ತೂಕ, ರಕ್ತದೊತ್ತಡ, ನಾಡಿ, ಆಮ್ಲಜನಕ ಎಂದು ದಿನಕ್ಕೆ ನಾಲ್ಕು ಅಂಕಿ ಉಂಡು ಬದುಕುವವಳು.

ಹಾಗೆಂದು ಅವಳನ್ನು ಹಳಿಯಲಾರೆ. ಎರಡನೆಯ ತಿಂಗಳಲ್ಲಿ ಪಕ್ಕದ ಮನೆಯವರು ಬಂದವರು, “ನಿಮ್ಮತ್ತೆ ಮೈಕೈ ತುಂಬಿಕೊಂಡಿದ್ದಾರಲ್ರೀ, ಸೊಸೆಯ ಕೈಗುಣ” ಎಂದರು. ನಾನೂ ಉಬ್ಬಿದೆ. ಅಂದು ಸಂಜೆ ಆಸ್ಪತ್ರೆಯ ನರ್ಸಮ್ಮನ ಫೋನು: “ಮೂರು ದಿನದಲ್ಲಿ ಎರಡು ಕೆ.ಜಿ. ಹೆಚ್ಚಾಗಿದೆ. ಕಣಕಾಲಿನ ಹತ್ತಿರ ಬೆರಳಿಂದ ಒತ್ತಿ ನೋಡಿ, ಗುಳಿ ಬೀಳುತ್ತಾ?” ಬಿತ್ತು. ತುಂಬಿಕೊಂಡಿದ್ದು ಮೈಯಲ್ಲ, ನೀರು. ಹೃದಯ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ, ಎಷ್ಟೋ ಸಲ ಉಸಿರು ಕಟ್ಟುವ ಮೊದಲೇ ತೂಕ ಏರುತ್ತದೆ. “ಊಟಕ್ಕೆ ಏನು ಕೊಡ್ತಿದ್ದೀರಿ?” ಎಂದು ಆಕೆ ಕೇಳಿದಾಗ ನನ್ನ ಕಣ್ಣು ಅಪ್ಪೆಮಿಡಿಯ ಭರಣಿಯ ಕಡೆ ಹೋಯಿತು. ಉಪ್ಪಿನ ಗಣಿ ಅದು! ಆಕೆಯೇ ನಮ್ಮೂರ ಡಾಕ್ಟರಿಗೆ ಫೋನು ಮಾಡಿದರು, ಅವರು ನೀರಿನ ಮಾತ್ರೆ ಹೆಚ್ಚಿಸಿದರು. ಭರಣಿ ಅಟ್ಟ ಸೇರಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತಪ್ಪಿತು.

ನಾಲ್ಕು ತಿಂಗಳಾದ ಮೇಲೆ ನರ್ಸಮ್ಮನ ಫೋನು ನಿಂತಿತು. ಅವರ ಬದಲು ಯಂತ್ರದ ಧ್ವನಿ: “ಉಸಿರಾಟದ ತೊಂದರೆ ಇದ್ದರೆ ಒಂದನ್ನು ಒತ್ತಿ.” ಅತ್ತೆ ಅದಕ್ಕೆ, “ಪರವಾಗಿಲ್ಲ ಕಣಮ್ಮಾ, ನೀನು ಆರಾಮಾಗಿದ್ದೀಯಾ?” ಎನ್ನುತ್ತಿದ್ದರು. ಅದು ಮತ್ತೆ ಒಂದನ್ನು ಒತ್ತಿ ಎನ್ನುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ತೂಕ ಮತ್ತೆ ಏರಿತು. ತೆರೆಯ ಮೇಲೆ ಕೆಂಪು ಚುಕ್ಕಿ ಬಂತು. ಮನೆಯವರು ನೋಡಿರುತ್ತಾರೆ ಎಂದು ಆಸ್ಪತ್ರೆಯವರು ಸುಮ್ಮನಿದ್ದರು. ಆಸ್ಪತ್ರೆಯವರು ನೋಡಿರುತ್ತಾರೆ ಎಂದು ಮೈದುನ ಸುಮ್ಮನಿದ್ದ. ನಮ್ಮೂರ ಡಾಕ್ಟರು ರಜೆಯಲ್ಲಿದ್ದರು. ನಾನೋ, ಏನಾದರೂ ಇದ್ದರೆ ಫೋನು ಬರುತ್ತದೆ ಎಂದು ನಂಬಿ ಅತ್ತೆಯ ಕಾಲು ಒತ್ತಿ ನೋಡುವುದನ್ನೇ ಬಿಟ್ಟಿದ್ದೆ. ಭಾನುವಾರ ರಾತ್ರಿ ಅವರಿಗೆ ಮಲಗಲಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮೀನಿನ ಹಾಗೆ ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿದರು. ಮಳೆಯಲ್ಲಿ ಆಂಬುಲೆನ್ಸು, ಶಿವಮೊಗ್ಗ, ಐದು ದಿನ. ಉಳಿದುಕೊಂಡರು. ಆದರೆ ಶಿವಮೊಗ್ಗದವರೆಗೂ ನನ್ನ ಕೈ ಬಿಡದೆ ಹಿಡಿದಿದ್ದ ಆ ಕೈಯನ್ನು ನಾನು ಮರೆಯಲಾರೆ.

ಇದು ನಮ್ಮ ಮನೆಯ ದುರದೃಷ್ಟ ಮಾತ್ರವೇ ಎಂದು ಹುಡುಕಿ ಓದಿದೆ. ಅಮೆರಿಕದಲ್ಲಿ ಇಂಥ 1653 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿದೆ. ಅರ್ಧದಷ್ಟು ಜನ ದಿನವೂ ಯಂತ್ರಕ್ಕೆ ಫೋನು ಮಾಡಿ ತಮ್ಮ ತೂಕ, ಲಕ್ಷಣ ತಿಳಿಸಬೇಕಿತ್ತು. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಅವರಲ್ಲಿ ನೂರಕ್ಕೆ 52.3, ಉಳಿದವರಲ್ಲಿ 51.5. ಅಂದರೆ ಯಾವ ಲಾಭವೂ ಇಲ್ಲ. 2018ರಲ್ಲಿ ಜರ್ಮನಿಯಿಂದ ಇನ್ನೊಂದು ಅಧ್ಯಯನ ಬಂತು, 1571 ರೋಗಿಗಳದ್ದು. ಅಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಕೇಂದ್ರದಲ್ಲಿ ಹಗಲೂ ರಾತ್ರಿ ಡಾಕ್ಟರು, ನರ್ಸುಗಳು ಕೂತು ಅಂಕಿ ನೋಡುತ್ತಿದ್ದರು, ಫೋನು ಮಾಡುತ್ತಿದ್ದರು. ಹಠಾತ್ತನೆ ಆಸ್ಪತ್ರೆ ಸೇರಿದ್ದರಿಂದ ಅಥವಾ ಸಾವಿನಿಂದ ಕಳೆದುಹೋದ ದಿನಗಳು ವರ್ಷಕ್ಕೆ ಸರಾಸರಿ 24.2 ಇದ್ದದ್ದು 17.8ಕ್ಕೆ ಇಳಿಯಿತು. ಎರಡು ದೇಶ, ಎರಡು ವಿಧಾನ, ನೇರ ಹೋಲಿಕೆ ಸಲ್ಲದು ಎನ್ನಬಹುದು. ಆದರೂ ನಮ್ಮ ಮನೆಯಲ್ಲಿ ಕಂಡದ್ದೂ ಅದೇ. ಅಂಕಿ ಉಳಿಸುವುದಿಲ್ಲ, ಅಂಕಿ ನೋಡಿ ಎದ್ದು ಬರುವವರು ಉಳಿಸುತ್ತಾರೆ.

ಈ ಏರ್ಪಾಡಿನ ಮೇಲೆ ನನ್ನ ದೂರು ಅಷ್ಟೇ ಅಲ್ಲ. ತೆರೆಯ ಮೇಲೆ ‘ಆರೈಕೆಯ ತಂಡ’ ಎಂಬ ಪಟ್ಟಿ ಇದೆ. ಅದರಲ್ಲಿ ತಜ್ಞರ ಹೆಸರಿದೆ, ಡಾಕ್ಟರ ಹೆಸರಿದೆ, ಮೈದುನನ ಹೆಸರಿದೆ. ಅತ್ತೆಯನ್ನು ಬೆಳಿಗ್ಗೆ ಕಾಫಿಗೆ ಮೊದಲು, ಬಚ್ಚಲಿಗೆ ಹೋಗಿಬಂದ ಮೇಲೆ, ಶಾಲು ತೆಗೆಸಿ ತಕ್ಕಡಿಯ ಮೇಲೆ ನಿಲ್ಲಿಸುವವಳ ಹೆಸರಿಲ್ಲ. ಕರೆಂಟು ಹೋದಾಗ ಬ್ಯಾಟರಿ ಹುಡುಕುವವಳ, ಉಪ್ಪಿಲ್ಲದ ಸಾರಿಗೆ ನಿಂಬೆಹುಳಿ ಹಿಂಡಿ ಸಮಾಧಾನ ಮಾಡುವವಳ ಹೆಸರಿಲ್ಲ. ಕೆಂಪು ಚುಕ್ಕಿ ಏಳುಸಮುದ್ರ ದಾಟಿ ಡಾಲಸ್‌ಗೆ ಹೋಯಿತು, ಅಡಿಗೆಮನೆಯಲ್ಲಿದ್ದ ನನ್ನ ಫೋನಿಗೆ ಬರಲಿಲ್ಲ. ಸೊಸೆ, ಮಗಳು, ಹೆಂಡತಿ ಹೇಗೂ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆಯೇ ಈ ಯಂತ್ರಗಳೆಲ್ಲ ನಡೆಯುತ್ತಿವೆ.

ನಿಮ್ಮ ಮನೆಗೂ ಇಂಥ ಪೆಟ್ಟಿಗೆ ಬಂದೀತು. ಬೇಡ ಎನ್ನಬೇಡಿ. ದುಡ್ಡು ಕೊಡುವ ಮೊದಲು ಕೇಳಿ: ಭಾನುವಾರ ರಾತ್ರಿ ಈ ಅಂಕಿ ನೋಡುವವರು ಯಾರು? ಅವರು ಯಾರಿಗೆ ಫೋನು ಮಾಡುತ್ತಾರೆ? ಪಟ್ಟಿಯಲ್ಲಿ ನನ್ನ ನಂಬರು ಇದೆಯೇ? ಉತ್ತರದಲ್ಲಿ ಒಬ್ಬ ಮನುಷ್ಯರ ಹೆಸರು ಬರದಿದ್ದರೆ, ಅದು ಬರೀ ತೂಕದ ಯಂತ್ರ ಎಂದುಕೊಳ್ಳಿ.

ನಮ್ಮಲ್ಲಿ ಈಗ ಗೋಡೆಯ ಕ್ಯಾಲೆಂಡರಿನ ಮೇಲೂ ಪೆನ್ಸಿಲಿನಲ್ಲಿ ತೂಕ ಬರೆಯುತ್ತೇವೆ. ಎರಡು ಕೆ.ಜಿ. ಏರಿದರೆ ನಾನೇ ಡಾಕ್ಟರಿಗೆ ಫೋನು ಮಾಡುತ್ತೇನೆ, ಅವರಿಲ್ಲದಾಗ ಯಾರಿಗೆ ಎಂಬುದನ್ನೂ ಅಲ್ಲೇ ಬರೆದಿಟ್ಟಿದ್ದೇನೆ. ಮೈದುನ ಶನಿವಾರ ಮತ್ತು ಭಾನುವಾರ ತಪ್ಪದೆ ಮಾತಾಡುತ್ತಾನೆ, “ಅತ್ತಿಗೆ, ಅಮ್ಮನ ಕಾಲು ಒತ್ತಿ ನೋಡಿದಿರಾ?” ಎಂದೇ ಶುರು. ಅತ್ತೆ ದಿನವೂ ತಕ್ಕಡಿ ಹತ್ತಿ, “ಏನಂತಾಳೆ ಇವತ್ತು ನನ್ನ ತಂಗಿ?” ಎಂದು ಕೇಳುತ್ತಾರೆ.

ನಾನು ಅಂಕಿ ಓದುತ್ತೇನೆ. ಆಮೇಲೆ ಬಗ್ಗಿ ಕಾಲು ಮುಟ್ಟಿ ನೋಡುತ್ತೇನೆ.