ಯೋಸೇಫನ ಉಗ್ರಾಣ, ನೊವೊಮಿಯ ಹೊಲ: ಕ್ಷಾಮಪರಿಹಾರದ ಒಂದು ವಾಚನಕ್ರಮದ ವಿಮರ್ಶೆ

ಬೆಳೆಹಬ್ಬದ ಆರಾಧನೆಯಲ್ಲಿಯೂ ಕ್ಷಾಮಪರಿಹಾರಕ್ಕಾಗಿ ಕಾಣಿಕೆ ಎತ್ತುವ ಭಾನುವಾರಗಳಲ್ಲಿಯೂ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕಥೆ ಯೋಸೇಫನದು. ಆದಿಕಾಂಡದ 41ನೆಯ ಅಧ್ಯಾಯವನ್ನು ಓದಲಾಗುತ್ತದೆ. ಫರೋಹನ ಕನಸು, ಏಳು ವರ್ಷಗಳ ಸುಭಿಕ್ಷ, ಐದರಲ್ಲೊಂದು ಪಾಲನ್ನು ಕೂಡಿಡುವ ವಿವೇಕ, ಕ್ಷಾಮ ಬಂದಾಗ ತೆರೆದ ಉಗ್ರಾಣಗಳು, ಅವುಗಳ ಮುಂದೆ ನೆರೆದ ಲೋಕ. ಪ್ರಸಂಗಿಯು ಇದರಿಂದ ದೂರದೃಷ್ಟಿಯನ್ನೂ ಪ್ರಾಮಾಣಿಕ ಆಡಳಿತವನ್ನೂ ಹಸಿದವರ ಮೇಲಣ ಕರುಣೆಯನ್ನೂ ಬೋಧಿಸಿ ಮುಗಿಸುತ್ತಾನೆ. ಈ ಲೇಖನದಲ್ಲಿ ನಾವು ವಿಮರ್ಶೆಗೆ ಒಡ್ಡುವುದು ಈ ವಾಚನಕ್ರಮವನ್ನೇ. ಅದು ಹೇಳುವುದು ಸುಳ್ಳಲ್ಲ. ಆದರೆ ಅದು ನಿಲ್ಲುವ ಜಾಗ ತಪ್ಪು. 41ನೆಯ ಅಧ್ಯಾಯದಲ್ಲಿ ನಿಂತ ಓದುಗನು ಹಸಿವನ್ನು ಉಗ್ರಾಣದ ಬಾಗಿಲಿನ ಒಳಗಿನಿಂದ ನೋಡಲು ಕಲಿಯುತ್ತಾನೆ. 47ನೆಯ ಅಧ್ಯಾಯದವರೆಗೆ ನಡೆದವನಿಗೆ ಹೊರಗೆ ನಿಂತವರ ಪ್ರಶ್ನೆಯೂ ಕೇಳಿಸುತ್ತದೆ: ಕ್ಷಾಮ ತೀರಿದ ಮೇಲೆ ಹೊಲ ಯಾರದು, ಬೀಜ ಯಾರದು, ತೀರ್ಮಾನ ಯಾರದು?

ಕಳೆದ ಶತಮಾನದಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಗೋಧಿಯ ಚರಿತ್ರೆಯನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಉಜ್ಜಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಆ ಗೋಧಿಯನ್ನು ಹಂಚಿದ ಕೈಗಳಲ್ಲಿ ಸಭೆಯ ಕೈಯೂ ಇತ್ತು.

ಗ್ರಂಥಪಾಠ ಹೇಳುವುದೇನು?

47ನೆಯ ಅಧ್ಯಾಯದ 13ರಿಂದ 26ರವರೆಗಿನ ವಚನಗಳ ಕ್ರಮ ನಿಷ್ಠುರವಾಗಿದೆ. ಮೊದಲು ಜನರ ಹಣವೆಲ್ಲ ಫರೋಹನ ಬೊಕ್ಕಸವನ್ನು ಸೇರುತ್ತದೆ. ಬಳಿಕ ಕುದುರೆ, ಕುರಿ, ದನ, ಕತ್ತೆಗಳು ಧಾನ್ಯಕ್ಕೆ ಬದಲಾಗಿ ಹೋಗುತ್ತವೆ. ಮರುವರ್ಷ ಕೊಡಲು ಉಳಿದದ್ದು ಹೊಲ ಮತ್ತು ದೇಹ ಮಾತ್ರ, ಅವೂ ಹೋಗುತ್ತವೆ. ಜನರು ಬೀಜವನ್ನು ಬೇಡುತ್ತಾರೆ. ಯೋಸೇಫನು ಬೀಜವನ್ನು ಕೊಡುತ್ತಾನೆ, ಆದರೆ ಇನ್ನು ಮುಂದೆ ಬೆಳೆದುದರಲ್ಲಿ ಐದನೆಯ ಒಂದು ಪಾಲು ಸದಾಕಾಲ ಫರೋಹನದೆಂಬ ಕಟ್ಟಳೆಯೊಡನೆ. 21ನೆಯ ವಚನದಲ್ಲಿ ಇಬ್ರಿಯ ಮೂಲವು ಜನರನ್ನು ಪಟ್ಟಣಗಳಿಗೆ ಸಾಗಿಸಿದನೆನ್ನುತ್ತದೆ. ಸಮಾರ್ಯದ ಪಾಠವೂ ಗ್ರೀಕ್ ಭಾಷಾಂತರವೂ ಅವರನ್ನು ದಾಸರನ್ನಾಗಿ ಮಾಡಿದನೆನ್ನುತ್ತವೆ. ಯಾವ ಪಾಠವನ್ನು ಹಿಡಿದರೂ ರೈತನು ತನ್ನ ನೆಲದ ಒಡೆಯನಾಗಿ ಉಳಿಯುವುದಿಲ್ಲ. ಹೀಗೆ ಮಾರಲ್ಪಟ್ಟ ಧಾನ್ಯವಾದರೂ ಸುಭಿಕ್ಷದ ವರ್ಷಗಳಲ್ಲಿ ಇದೇ ಜನರ ಹೊಲಗಳಿಂದ ಕೂಡಿಸಿದ್ದು.

ಕಥೆಗಾರನು ಯಾರನ್ನೂ ದೂಷಿಸುವುದಿಲ್ಲ. ಜನರು ಯೋಸೇಫನನ್ನು ತಮ್ಮ ಪ್ರಾಣ ಉಳಿಸಿದವನೆಂದು ಕೊಂಡಾಡುತ್ತಾರೆ, ಅದೇ ಉಸಿರಿನಲ್ಲಿ ತಾವು ಫರೋಹನ ದಾಸರೆಂದು ಒಪ್ಪಿಕೊಳ್ಳುತ್ತಾರೆ. ಎರಡೂ ನಿಜವಾದ್ದರಿಂದಲೇ ಈ ಭಾಗ ನಮ್ಮನ್ನು ಕಾಡಬೇಕು. ಮುಂದೆ ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಯೋಸೇಫನನ್ನರಿಯದ ಅರಸನು ಬಂದಾಗ ಇಸ್ರಾಯೇಲ್ಯರು ಬಿಟ್ಟೀಕೆಲಸದಿಂದ ಕಟ್ಟಿದ ಪಿತೋಮ್ ಮತ್ತು ರಾಮ್ಸೇಸ್ ಎಂಬವು ಉಗ್ರಾಣದ ಪಟ್ಟಣಗಳೇ. ಹಸಿವಿನಿಂದ ಕಾಪಾಡಿದ ವ್ಯವಸ್ಥೆಯೇ ದಾಸತ್ವದ ಕಟ್ಟಡವಾಯಿತು. ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗೆಮನ್ ಮೊದಲಾದವರು ಈ ನಂಟನ್ನು ಒತ್ತಿ ತೋರಿಸಿದ್ದಾರೆ. ನಮ್ಮ ಪೀಠಗಳಿಂದ ಅದು ಕೇಳಿಬರುವುದು ಅಪರೂಪ.

ಇನ್ನೊಂದು ವಿವರವನ್ನು ಸಭಾಪಾಲಕರು ವಿಶೇಷವಾಗಿ ಗಮನಿಸಬೇಕು. ಯಾಜಕರ ಹೊಲಗಳನ್ನು ಮಾತ್ರ ಯೋಸೇಫನು ಕೊಳ್ಳಲಿಲ್ಲ. ಅವರಿಗೆ ಫರೋಹನಿಂದ ಗೊತ್ತಾದ ಆಹಾರವಿತ್ತು. ದೇಶವೆಲ್ಲ ದಾಸತ್ವಕ್ಕೆ ಬಿದ್ದಾಗ ಧಾರ್ಮಿಕ ವರ್ಗವು ಉಂಡು ಉಳಿಯಿತು.

ಗೋಧಿಯ ಹಡಗುಗಳು

1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ ಕಾನೂನು ಪಿ.ಎಲ್. 480 ಎಂದು ಪ್ರಸಿದ್ಧವಾಯಿತು. ಅದರ ಹುಟ್ಟು ಹಸಿದವರ ಕೂಗಿನಿಂದ ಮಾತ್ರ ಆದುದಲ್ಲ. ಸರಕಾರದ ಬೆಂಬಲಬೆಲೆಯಿಂದಾಗಿ ಅಲ್ಲಿನ ಗೋದಾಮುಗಳಲ್ಲಿ ಮಿಗುತಾಯ ಧಾನ್ಯ ಬೆಟ್ಟವಾಗಿ ಬೆಳೆದಿತ್ತು. ಅದನ್ನು ಕರಗಿಸುವುದು, ಮುಂದಿನ ಮಾರುಕಟ್ಟೆಗಳನ್ನು ಬೆಳೆಸುವುದು, ವಿದೇಶನೀತಿಗೆ ಬಲಕೊಡುವುದು ಕಾನೂನಿನ ಉದ್ದೇಶಗಳಲ್ಲಿ ಸೇರಿದ್ದವು. ‘ಶಾಂತಿಗಾಗಿ ಆಹಾರ’ ಎಂಬ ಹೆಸರು ರೂಢಿಗೆ ಬಂದದ್ದು ಆಮೇಲೆ.

ಭಾರತವು 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ ತಿಂಗಳಲ್ಲಿ ಆಹಾರಮಂತ್ರಿ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ ಸಹಿ ಮಾಡಿದ ಒಪ್ಪಂದ ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಗೆ ಸಂಬಂಧಿಸಿತ್ತು. ಬೆಲೆಯನ್ನು ಡಾಲರಿನಲ್ಲಲ್ಲ, ರೂಪಾಯಿಯಲ್ಲಿ ಕೊಡಬಹುದಾಗಿತ್ತು. ವಿದೇಶಿ ವಿನಿಮಯ ಕಡಿಮೆಯಿದ್ದ ದೇಶಕ್ಕೆ ಇದು ದೊಡ್ಡ ಅನುಕೂಲ. ಆದರೆ ಅಗ್ಗದ ಮಿಗುತಾಯ ಧಾನ್ಯವು ಪಡೆಯುವ ದೇಶದ ರೈತನ ಬೆಲೆಯನ್ನು ಕುಗ್ಗಿಸಬಲ್ಲದೆಂದು ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಸ್ ಅದೇ 1960ರಲ್ಲಿ ಎಚ್ಚರಿಸಿದರು.

ಪರೀಕ್ಷೆಯ ದಿನ 1965ರಲ್ಲಿ ಬಂದಿತು. ಮಳೆ ಕೈಕೊಟ್ಟು ದೇಶದ ಆಹಾರಧಾನ್ಯದ ಉತ್ಪಾದನೆ ಸುಮಾರು 8.9 ಕೋಟಿ ಟನ್ನಿನಿಂದ 7.2 ಕೋಟಿಗೆ ಇಳಿಯಿತು. 1966ರಲ್ಲಿ ಆಮದು ಒಂದು ಕೋಟಿ ಟನ್ನನ್ನು ಮುಟ್ಟಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ಜನರನ್ನು ಕೇಳಿಕೊಂಡಿದ್ದ ಕಾಲವದು. ಅಧ್ಯಕ್ಷ ಜಾನ್ಸನ್ನರು ದೀರ್ಘಾವಧಿಯ ಒಪ್ಪಂದವನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ, ಅಲ್ಪಾವಧಿಗೆ ಮಾತ್ರ ಧಾನ್ಯ ಬಿಡುಗಡೆ ಮಾಡುವ ನೀತಿಯನ್ನು ಹಿಡಿದರು. ಹಗ್ಗವನ್ನು ಗಿಡ್ಡವಾಗಿ ಕಟ್ಟಿದ ದನದ ಉಪಮೆಯಿಂದ ಆ ನೀತಿಗೆ ಹೆಸರು ಬಂದಿತು. ಕೃಷಿನೀತಿ ಬದಲಾಗಬೇಕೆಂಬುದು ಒಂದು ಷರತ್ತು. ವಿಯೆಟ್ನಾಮಿನ ಮೇಲಣ ಬಾಂಬುದಾಳಿಯನ್ನು ಭಾರತ ಟೀಕಿಸಿದ್ದರಿಂದ ಹುಟ್ಟಿದ ಅಸಮಾಧಾನವೂ ಹಗ್ಗವನ್ನು ಬಿಗಿಮಾಡಿತು. ಹಡಗು ಬಂದಷ್ಟೇ ಊಟ ಎಂಬ ಸ್ಥಿತಿ. ಬಿಹಾರದಲ್ಲಿ ಹೊಲ ಬಿರಿದು ಕ್ಷಾಮ ತಲೆದೋರಿದ ತಿಂಗಳುಗಳಲ್ಲಿಯೂ ಈ ಎಳೆದಾಟ ನಡೆದಿತ್ತು.

ಎಣಿಸಿ ಬಿಡುವ ವಿದ್ಯೆ

ಕೊಡುವವನೇ ತಕ್ಕಡಿ ಹಿಡಿದಾಗ ಯೋಚನೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 1967ರಲ್ಲಿ ವಿಲಿಯಂ ಮತ್ತು ಪಾಲ್ ಪ್ಯಾಡಕ್ ಸೋದರರು ಬರೆದ, 1975ರ ಕ್ಷಾಮವನ್ನು ಮುನ್ನುಡಿದ ಪುಸ್ತಕವೇ ಸಾಕ್ಷಿ. ಯುದ್ಧಭೂಮಿಯ ವೈದ್ಯರು ಗಾಯಾಳುಗಳನ್ನು ಮೂರು ಗುಂಪಾಗಿ ವಿಂಗಡಿಸುವಂತೆ ಹಸಿದ ರಾಷ್ಟ್ರಗಳನ್ನೂ ವಿಂಗಡಿಸಬೇಕೆಂದು ಅವರು ವಾದಿಸಿದರು. ಭಾರತವನ್ನು ಉಳಿಸಲಾಗದವರ ಪಟ್ಟಿಗೆ ಸೇರಿಸಿದರು. 1975 ಬಂದಿತು, ಮುನ್ನುಡಿದ ಮಹಾಕ್ಷಾಮ ಭಾರತಕ್ಕೆ ಬರಲಿಲ್ಲ. ಲೆಕ್ಕ ತಪ್ಪಿದ್ದು ನಮಗೆ ಇಲ್ಲಿ ಮುಖ್ಯವಲ್ಲ. ಲೆಕ್ಕ ಸರಿಯಾಗಿದ್ದರೂ ಪಾಪ ಪಾಪವೇ ಆಗಿರುತ್ತಿತ್ತು. ದೇವರ ಸ್ವರೂಪದಲ್ಲಿ ಸೃಷ್ಟಿಯಾದವರನ್ನು ಆ ಪುಸ್ತಕ ತಮ್ಮ ವಿಷಯದ ತೀರ್ಮಾನದಲ್ಲಿ ಬಾಯಿಲ್ಲದವರನ್ನಾಗಿ ಕಾಣುತ್ತದೆ.

ಬಾಂಗ್ಲಾದೇಶದಲ್ಲಿ ಇದು ಬರಿಯ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1974ರಲ್ಲಿ ಪ್ರವಾಹ, ಬೆಲೆಯೇರಿಕೆಗಳ ನಡುವೆ ಜನರು ಸಾಯುತ್ತಿದ್ದಾಗ, ಆ ದೇಶ ಕ್ಯೂಬಾಕ್ಕೆ ಸೆಣಬಿನ ಚೀಲಗಳನ್ನು ಮಾರಿತೆಂಬ ಕಾರಣದಿಂದ ಅಮೆರಿಕದ ಧಾನ್ಯ ತಡೆಯಲ್ಪಟ್ಟಿತು. ಆ ವರ್ಷ ಅಲ್ಲಿ ಒಟ್ಟು ಆಹಾರದ ಲಭ್ಯತೆ ಹಿಂದುಮುಂದಿನ ವರ್ಷಗಳಿಗಿಂತ ಕಡಿಮೆಯಿರಲಿಲ್ಲವೆಂದೂ ಕೂಲಿಕಾರರ ಕೊಳ್ಳುವ ಶಕ್ತಿಯೇ ಕುಸಿದಿತ್ತೆಂದೂ ಅಮರ್ತ್ಯ ಸೇನ್ 1981ರಲ್ಲಿ ತೋರಿಸಿದರು. ಧಾನ್ಯವಿದ್ದೂ ಅದರ ಮೇಲೆ ಹಕ್ಕಿಲ್ಲದಿರುವುದೇ ಹಸಿವು ಎಂಬ ಈ ನಿರ್ಣಯವನ್ನು ಆದಿಕಾಂಡ 47ರ ರೈತರು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಿದ್ದರು.

ಮೂರು ಆಕ್ಷೇಪಗಳು

ನಮ್ಮ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು: ಸತ್ತವನಿಗೆ ಹೊಲವಿದ್ದು ಫಲವೇನು? ಪ್ರಾಣ ಉಳಿಸಿದ್ದೇ ದೊಡ್ಡದಲ್ಲವೇ? ಹೌದು, ದೊಡ್ಡದೇ. ಅಮೆರಿಕದ ಗೋಧಿಯಿಲ್ಲದೆ 1966 ಮತ್ತು 1967ರಲ್ಲಿ ಎಷ್ಟೋ ಜನ ಸಾಯುತ್ತಿದ್ದರು. ಅದನ್ನು ಬೆಳೆದ, ಸಾಗಿಸಿದ, ಅದಕ್ಕಾಗಿ ವಾದಿಸಿದ ಜನರಲ್ಲಿ ನಿಜವಾದ ಕರುಣೆಯಿತ್ತು. ಆದರೆ ಪ್ರಾಣ ಉಳಿಸುವ ಕರ್ತವ್ಯವು ಪ್ರಾಣವನ್ನು ಅಡವಿಡುವ ಅಧಿಕಾರವನ್ನು ಕೊಡುವುದಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯ ಬಡವನಾದ ಸಹೋದರನಿಗೆ ಆಹಾರವನ್ನು ಲಾಭಕ್ಕೆ ಕೊಡಕೂಡದೆಂದು ನಿಷೇಧಿಸುವುದು ಇದನ್ನೇ.

ಎರಡನೆಯದು: ಜನರು ತಾವಾಗಿಯೇ ಹೊಲವನ್ನು ಮಾರಲು ಬಂದರಲ್ಲವೇ? ಬಂದರು. ಹಸಿದವನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆಯೆಂದು ಎಣಿಸುವುದು ನ್ಯಾಯವಲ್ಲ. ಏಸಾವನೂ ಒಂದು ಹೊತ್ತಿನ ಅಡಿಗೆಗೆ ಜ್ಯೇಷ್ಠತ್ವವನ್ನು ಮಾರಿದನು.

ಮೂರನೆಯದು ಗಟ್ಟಿಯಾದ ಆಕ್ಷೇಪ: ಆ ಒತ್ತಡದಿಂದಲೇ ಭಾರತ ಕೃಷಿಗೆ ಗಮನಕೊಟ್ಟು ಸ್ವಾವಲಂಬಿಯಾಯಿತಲ್ಲವೇ? ಚರಿತ್ರೆ ಇದಕ್ಕೆ ಅರ್ಧ ಒಪ್ಪುತ್ತದೆ. 1965ರ ನವೆಂಬರಿನಲ್ಲಿ ರೋಮಿನಲ್ಲಿ ಕೃಷಿಮಂತ್ರಿ ಸಿ. ಸುಬ್ರಹ್ಮಣ್ಯಂ ಅವರು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ನರೊಡನೆ ಒಪ್ಪಿಕೊಂಡ ಅಂಶಗಳಲ್ಲಿ ಬಹುಪಾಲು ಅವರೇ ದೇಶದೊಳಗೆ ಪ್ರತಿಪಾದಿಸುತ್ತಿದ್ದ ಕಾರ್ಯಕ್ರಮ. ಒಪ್ಪಿದ ಮೇಲೆಯೂ ಹಗ್ಗ ಸಡಿಲವಾಗಲಿಲ್ಲ. ದಾರಿಯನ್ನು ಬದಲಿಸಿದ್ದು ಬೇರೊಂದು ಬಗೆಯ ನೆರವು. 1966ರಲ್ಲಿ ಮೆಕ್ಸಿಕೋದಿಂದ ಭಾರತವು 18,000 ಟನ್ ಗಿಡ್ಡತಳಿಯ ಗೋಧಿಬೀಜವನ್ನು ಕೊಂಡು ತಂದಿತು. ನಾರ್ಮನ್ ಬೋರ್ಲಾಗ್ ಬೆಳೆಸಿದ ತಳಿಗಳನ್ನು ಎಂ.ಎಸ್. ಸ್ವಾಮಿನಾಥನ್ ಮೊದಲಾದ ನಮ್ಮ ವಿಜ್ಞಾನಿಗಳು ಇಲ್ಲಿನ ಹೊಲಗಳಲ್ಲಿ ಪರೀಕ್ಷಿಸಿದ್ದರು. ಗೋಧಿ ಸ್ವಪರಾಗದ ಬೆಳೆ. ರೈತನು ಈ ವರ್ಷದ ಕಾಳನ್ನು ಎತ್ತಿಟ್ಟು ಮುಂದಿನ ವರ್ಷ ಬಿತ್ತಬಲ್ಲನು. ಹಡಗಿನ ಗೋಧಿ ತಿಂದಾಗ ಮುಗಿಯಿತು, ಬೀಜದ ಗೋಧಿ ರೈತನ ಮನೆಯಲ್ಲಿ ಉಳಿಯಿತು. ಗೊಬ್ಬರ, ನೀರಾವರಿಗಳಿದ್ದವನಿಗೇ ಅದು ಹೆಚ್ಚು ಫಲಿಸಿತೆಂಬುದೂ ಖುಷ್ಕಿಯ ರೈತನು ಹಿಂದೆ ಬಿದ್ದನೆಂಬುದೂ ಸತ್ಯ. ಹೀಗಿದ್ದರೂ ಎರಡು ನೆರವುಗಳ ನಡುವಿನ ವ್ಯತ್ಯಾಸ ನಮ್ಮ ಪ್ರಶ್ನೆಯನ್ನು ಸ್ಪಷ್ಟಗೊಳಿಸುತ್ತದೆ.

ಫರೋಹನ ಆಹಾರವನ್ನುಂಡ ಯಾಜಕರು

ಪಿ.ಎಲ್. 480ರ ಒಂದು ಭಾಗ ದಾನವಾಗಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಹಂಚಲ್ಪಟ್ಟಿತು. ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್, ಚರ್ಚ್ ವರ್ಲ್ಡ್ ಸರ್ವಿಸ್, ಲುಥೆರನ್ ವರ್ಲ್ಡ್ ರಿಲೀಫ್ ಅವುಗಳಲ್ಲಿ ಸೇರಿದ್ದವು. ಧಾರ್ಮಿಕವಲ್ಲದ ಕೇರ್ ಸಂಸ್ಥೆಯೂ ಇತ್ತು. ಕೇರ್ ಒದಗಿಸಿದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿ ಕನ್ನಡನಾಡಿನ ಶಾಲಾಮಕ್ಕಳ ಒಂದು ಪೀಳಿಗೆಗೆ ಮರೆಯದ ನೆನಪು. ಆ ಉಪ್ಪಿಟ್ಟನ್ನು ನಾವು ಹೀಗಳೆಯುವುದಿಲ್ಲ. ಹಸಿದ ಮಗುವಿಗೆ ರಾಜಕಾರಣದ ಮೂಲ ಕೇಳಿ ಉಣ್ಣಿಸಲಾಗದು.

ಆದರೆ ಸಭೆಯ ಅಂಗಳದಲ್ಲಿ ಹಂಚುವಾಗ ಸಭೆ ತನ್ನನ್ನು ಕೇಳಿಕೊಳ್ಳಬೇಕಾದದ್ದು ಬೇರೆ. ಚೀಲದ ಮೇಲೆ ಕೊಟ್ಟ ರಾಷ್ಟ್ರದ ಹೆಸರಿತ್ತು. ಹಂಚುವ ಪಟ್ಟಿಯಲ್ಲಿ ಪಡೆಯುವವರ ಹೆಸರಿತ್ತು. ಪಟ್ಟಿ ಬರೆಯುವ ಲೇಖನಿ ನಮ್ಮದಾಗಿತ್ತು. ಅನ್ನಕ್ಕಾಗಿ ಕ್ರೈಸ್ತರಾದವರು ಎಂಬ ಹಳೆಯ ಅಪವಾದಕ್ಕೆ ನಾವು ನೊಂದುಕೊಂಡಿದ್ದೇವೆ, ನೊಂದದ್ದು ನ್ಯಾಯವೇ. ಆದರೆ ಆ ಮಾತು ಬಡವರ ಮೇಲೆ ಹೊರಿಸಿದ ಅಪವಾದವಾಗಿ ಉಳಿಯಿತು. ಅನ್ನ ಕೊಡುವ ಅಧಿಕಾರವು ನಮ್ಮನ್ನು ಏನು ಮಾಡಿತೆಂದು ನಾವು ವಿಚಾರಿಸಿದ್ದು ಕಡಿಮೆ. ಐಗುಪ್ತದ ಯಾಜಕರಂತೆ, ನಮ್ಮ ಹೊಲ ಉಳಿದದ್ದರಿಂದ ಬೇರೆಯವರ ಹೊಲ ಹೋದದ್ದು ನಮಗೆ ಕಾಣಲಿಲ್ಲವೇ?

ಇದು ವಿದೇಶದ ಉಗ್ರಾಣಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. 2001ರಲ್ಲಿ ಭಾರತದ್ದೇ ಗೋದಾಮುಗಳಲ್ಲಿ ಐದು ಕೋಟಿ ಟನ್ನಿಗೂ ಹೆಚ್ಚು ಧಾನ್ಯವಿದ್ದಾಗ ಹಸಿವಿನ ಸಾವುಗಳ ವರದಿ ಬಂದವು. ಆಗ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ವರ್ಷದ ನವೆಂಬರ್ 28ರ ಆದೇಶ ಶಾಲೆಗಳಲ್ಲಿ ಬಿಸಿಯೂಟವನ್ನು ಮಕ್ಕಳ ಹಕ್ಕಾಗಿ ಮಾಡಿತು. 2013ರಲ್ಲಿ ಆಹಾರಭದ್ರತೆಯ ಕಾಯಿದೆ ಬಂದಿತು. ದಾನವಾಗಿದ್ದ ಉಪ್ಪಿಟ್ಟು ಹಕ್ಕಾಗಿ ಬದಲಾದದ್ದು ದೈವಶಾಸ್ತ್ರದ ದೃಷ್ಟಿಯಿಂದಲೂ ಸಣ್ಣ ಬದಲಾವಣೆಯಲ್ಲ.

ರೂತಳ ಗ್ರಂಥದೊಡನೆ ಓದುವುದು

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಹೊಲದಲ್ಲಿ ಮರೆತ ಸಿವುಡನ್ನೂ ಗಿಡದಲ್ಲುಳಿದ ಹಣ್ಣನ್ನೂ ಪರದೇಶಿ, ಅನಾಥ, ವಿಧವೆಯರಿಗೆ ಬಿಡಬೇಕೆನ್ನುತ್ತದೆ. ಕಾರಣವಾಗಿ ಐಗುಪ್ತದ ದಾಸತ್ವವನ್ನು ನೆನಪಿಸುತ್ತದೆ. ಉಗ್ರಾಣದ ಅನುಭವವುಳ್ಳ ಜನ ಹಕ್ಕಲಿನ ಕಟ್ಟಳೆಯನ್ನು ಪಡೆದರು. ಹಕ್ಕಲಿನಲ್ಲಿ ಒಡೆಯನು ಪಟ್ಟಿ ಬರೆಯುವುದಿಲ್ಲ, ಅಳೆದು ಕೊಡುವುದಿಲ್ಲ. ಬಡವಳು ತಾನೇ ಬಂದು ಆಯುತ್ತಾಳೆ. ರೂತಳ ಗ್ರಂಥ ಆರಂಭವಾಗುವುದೂ ಕ್ಷಾಮದಿಂದಲೇ. ಅಲ್ಲಿಯೂ ಅಪಾಯವಿದೆ, ಬೋವಜನ ದಾಕ್ಷಿಣ್ಯದ ಆಸರೆ ಬೇಕಾಗುತ್ತದೆ. ಆದರೆ ಅದು ಮುಗಿಯುವ ರೀತಿ ಆದಿಕಾಂಡ 47ಕ್ಕೆ ವಿರುದ್ಧ. ಅಲ್ಲಿ ಕ್ಷಾಮ ಮುಗಿದಾಗ ಹೊಲ ಫರೋಹನದಾಯಿತು. ಇಲ್ಲಿ ಊರಬಾಗಿಲಿನಲ್ಲಿ ಹಿರಿಯರ ಮುಂದೆ ನೊವೊಮಿಯ ಮನೆತನದ ಹೊಲ ಬಿಡಿಸಲ್ಪಡುತ್ತದೆ.

ಆದ್ದರಿಂದ ಯೋಸೇಫನ ಕಥೆಯನ್ನು ಪೀಠದಿಂದ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. 41ನ್ನು ಓದಿದವರು 47ನ್ನೂ ಓದಲಿ. ಎರಡನ್ನೂ ಓದಿದವರು ರೂತಳ ನಾಲ್ಕನೆಯ ಅಧ್ಯಾಯವನ್ನು ಓದಲಿ. ಮುಂದಿನ ಬರಗಾಲದಲ್ಲಿ ಸಭೆ ಕಾಣಿಕೆ ಎತ್ತಿ ಅಕ್ಕಿ, ಜೋಳ, ಬೀಜಗಳನ್ನು ಕೊಂಡೊಯ್ಯುವಾಗ, ಎಷ್ಟು ಮೂಟೆ ಹಂಚಿದೆವೆಂಬ ವರದಿಯ ಜೊತೆಗೆ, ಮಳೆ ಬಂದ ಮೇಲೆ ಆ ಊರಿನಲ್ಲಿ ಎಷ್ಟು ಹೊಲಗಳು ಸಾಲಕ್ಕೆ ಹೋಗದೆ ಉಳಿದವೆಂಬುದನ್ನೂ ಹೋಗಿ ಕೇಳಲಿ.