ಒಂದೇ ಗುದ್ದಿಗೆ ಉರುಳುವ ಬಾಸ್

ವಿಡಿಯೋ ಗೇಮಿನ ಬಾಸ್, ಅಂದರೆ ಆಟಗಾರ ಮಣಿಸಬೇಕಾದ ದೊಡ್ಡ ಎದುರಾಳಿ, ಸುಲಭವಾಗಿ ಸೋತರೆ ಅದು ತಯಾರಕರ ಸೋಮಾರಿತನ ಎನ್ನುವವರಿದ್ದಾರೆ. ಕೆಲವೆಡೆ ಅದು ನಿಜವೂ ಹೌದು. ಆದರೆ 2004ರ 'ಸ್ಪೈಡರ್-ಮ್ಯಾನ್ 2' ಗೇಮಿನ ಖಳ ಮಿಸ್ಟೀರಿಯೋನನ್ನು ನೋಡಿ. ಅಂಗಡಿಯೊಳಗೆ ನಿಂತು ಬಡಾಯಿ ಕೊಚ್ಚುತ್ತಾನೆ; ಅವನ ಜೀವಬಲದ ಪಟ್ಟಿ ಒಮ್ಮೆ ತುಂಬಿ, ಮತ್ತೆ ತುಂಬಿ, ಮೂರನೆಯ ಬಾರಿಯೂ ತುಂಬುತ್ತದೆ. ಒಂದೇ ಗುದ್ದು, ಕಥೆ ಮುಗಿಯಿತು! ಇಲ್ಲಿನ ಕುಸುರಿಯೆಲ್ಲ ಆ ಪಟ್ಟಿಯಲ್ಲಿದೆ. ಅಷ್ಟು ಹೊತ್ತಿನ ಆಟ ಆಟಗಾರನಿಗೆ ಕಲಿಸಿದ ಭಯವನ್ನೇ ಬಂಡವಾಳ ಮಾಡಿಕೊಂಡು ಹೆಣೆದ ನಗೆ ಇದು. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿ ಅಬ್ಬರಿಸಿ ರಂಗವನ್ನು ಕಾಯಿಸುವಂತೆ, ಸಿದ್ಧತೆ ದೊಡ್ಡದಾದಷ್ಟೂ ಬೀಳುವ ರುಚಿ ಹೆಚ್ಚು.

ಆಡುವವನ ಪರಿಶ್ರಮಕ್ಕೆ ಬೆಲೆಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದೇ ವರ್ಷದ 'ಮೆಟಲ್ ಗೇರ್ ಸಾಲಿಡ್ 3' ಇನ್ನೂ ಜಾಣ ಉತ್ತರ ಕೊಡುತ್ತದೆ. 'ದಿ ಎಂಡ್' ಎಂಬ ಮುದಿ ಗುರಿಕಾರನನ್ನು ಕಾಡಿನಲ್ಲಿ ಹೆಜ್ಜೆಗುರುತು ಹಿಡಿದು ಗಂಟೆಗಟ್ಟಲೆ ಬೇಟೆಯಾಡಬಹುದು. ಇಲ್ಲವೇ ಕಾಳಗದ ನಡುವೆ ಆಟ ಉಳಿಸಿಟ್ಟು ಒಂದು ವಾರ ಬಿಟ್ಟು ಬಂದರೆ, ಅಜ್ಜ ವಯಸ್ಸಾಗಿಯೇ ಸತ್ತಿರುತ್ತಾನೆ. ಕಷ್ಟದ ದಾರಿಯನ್ನು ಯಾರೂ ಕಿತ್ತುಕೊಂಡಿಲ್ಲ. ಪಕ್ಕದಲ್ಲೊಂದು ತುಂಟ ಬಾಗಿಲನ್ನು ತೆರೆದಿಟ್ಟಿದ್ದಾರೆ, ಅಷ್ಟೆ.